ನಾಲ್ಕು ಬೆರಳು ದಪ್ಪದ ಬೋರ್ಡು

ಜಿಲ್ಲಾ ಕಚೇರಿಯ ಹೆಬ್ಬಾಗಿಲ ಮೇಲಿನ ಬೋರ್ಡು ನಾಲ್ಕು ಬೆರಳು ದಪ್ಪ. ಅದರಲ್ಲಿ ಮರ ಒಂದೇ ಬೆರಳು, ಉಳಿದ ಮೂರೂ ಬಣ್ಣ. ಒಳಗಿನ ಮರವನ್ನೆಲ್ಲ ಗೆದ್ದಲು ತಿಂದು ಹೋದರೂ ಬಣ್ಣವೊಂದೇ ಇನ್ನೂರು ವರ್ಷ ನೆಟ್ಟಗೆ ನಿಂತೀತು ಎಂದು ಬೋರ್ಡಣ್ಣ ಪಂಥಕ್ಕೆ ಕರೆಯುತ್ತಿದ್ದ. ಇನ್ನೂರು ವರ್ಷ ಕಾಯುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಅವನದು ಮೂರು ತಲೆಮಾರಿನ ಬಣ್ಣದ ಕಸುಬು. ಅದೇ ಹಲಗೆಯ ಮೇಲೆ ಅಜ್ಜ ರಾಜನ ಹೆಸರು ಬರೆದ. ರಾಜ ಹೋಗಿ ಪರದೇಶದವರು ಬಂದಾಗ ಅದರ ಮೇಲೆಯೇ ಅವರ ಹೆಸರನ್ನೂ ಬರೆದ. ದೇಶ ಸ್ವತಂತ್ರವಾದಾಗ ಅಪ್ಪ ಎರಡು ಭಾಷೆಯಲ್ಲಿ ಬರೆದ: ಮೇಲೆ ಊರಿನವರದು, ಕೆಳಗೆ ಹೊಳೆಯಾಚೆಯಿಂದ ಬಂದು ನೆಲೆಸಿದವರದು. ಏಳನೆಯ ವರ್ಷ ಗಲಾಟೆಯಾಗಿ, ಒಂದೇ ಭಾಷೆ ಸಾಕು ಎಂದು ಹುಕುಂ ಬಂತು. ಅಪ್ಪ ಬೋರ್ಡು ಇಳಿಸಿ ಮನೆಗೆ ತಂದವನು ಜ್ವರವೆಂದು ನಾಲ್ಕು ದಿನ ಬಾಗಿಲು ಹಾಕಿಕೊಂಡ. ಐದನೆಯ ದಿನ ಕೆಳಗಿನ ಸಾಲು ಮುಚ್ಚಿಹೋದ ಬೋರ್ಡನ್ನು ತಾನೇ ಏಣಿ ಹತ್ತಿ ತೂಗುಹಾಕಿದ. ಮುಂದೆ ಜಿಲ್ಲೆಯ ಹೆಸರೇ ಬದಲಾದಾಗ ಬರೆದವನು ಬೋರ್ಡಣ್ಣ. ಮನೆತನದ ಪದ್ಧತಿ ಒಂದೇ: ಹಳೆಯದನ್ನು ಕೆರೆಯಬಾರದು, ಅದರ ಮೇಲೆ ಬಳಿಯಬೇಕು. ಕೆರೆದರೆ ಮರ ನೋಯುತ್ತದೆ ಎಂದು ಅಜ್ಜ, ಬೆನ್ನು ನೋಯುತ್ತದೆ ಎಂದು ಅಪ್ಪ.

ಬೋರ್ಡಣ್ಣನ ಹೆಂಡತಿ ಹೊಳೆಯಾಚೆಯವರ ಹುಡುಗಿ. ಅವಳ ಅಪ್ಪ ಕಚೇರಿಯ ಎದುರಿನ ದರ್ಜಿ, ಒಂದು ಕಾಲದಲ್ಲಿ ಬೋರ್ಡಣ್ಣನ ಅಪ್ಪನಿಗೆ ಜೀವದ ಗೆಳೆಯ. ತನ್ನ ಭಾಷೆಯ ಒಂದಕ್ಷರವೂ ಬಾರದ ಗೆಳೆಯನಿಗಾಗಿ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬೋರ್ಡಿನ ಆ ಕೆಳಗಿನ ಸಾಲು ಬರೆದುಕೊಟ್ಟವನು ಅವನೇ. ಅದು ಮಾಯವಾದ ಬೋರ್ಡು ಮೇಲೇರಿದ್ದನ್ನು ಅಂಗಡಿ ಬಾಗಿಲಲ್ಲಿ ನಿಂತು ನೋಡಿದ, ಒಳಗೆ ಹೋದ, ಗೆಳೆಯನ ಜೊತೆ ಮತ್ತೆ ಮಾತಾಡಲಿಲ್ಲ. ಅಪ್ಪನೂ ಬಾಯಿಗೆ ಬೀಗ ಹಾಕಿಕೊಂಡೇ ಸತ್ತ.

ಮಗಳು ಹಟ ಹಿಡಿದಾಗ ದರ್ಜಿ ಮದುವೆಗೆ ಬಂದ, ಉಂಡ, ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತ. ಆದರೆ ಬೀದಿಯ ಬೆಕ್ಕು ಬಂದು ನಿಂತರೂ ಅಳತೆ ತೆಗೆಯುವಂಥ ಮನುಷ್ಯ, ಇಪ್ಪತ್ತೆಂಟು ವರ್ಷದಲ್ಲಿ ಅಳಿಯನ ಮೈಗೆ ಒಮ್ಮೆಯೂ ಟೇಪು ಹಿಡಿಯಲಿಲ್ಲ. ಬೋರ್ಡಣ್ಣ ರೆಡಿಮೇಡ್ ಅಂಗಿಯಲ್ಲೇ ಅರ್ಧ ಆಯುಷ್ಯ ತಳ್ಳಿದ. ಅದರ ತೋಳು ಬೆರಳ ತನಕ ಇಳಿದು, ಕುಂಚಕ್ಕಿಂತ ಮೊದಲೇ ಬಣ್ಣದ ಡಬ್ಬಿಯಲ್ಲಿ ಮುಳುಗುತ್ತಿತ್ತು.

ದೇಶಕ್ಕೆ ಐವತ್ತು ತುಂಬಿತು. ಹೊಸದಾಗಿ ಬಂದ ಅಧಿಕಾರಿಣಿ, ಈ ದೇಶದ ಚರಿತ್ರೆಯೆಲ್ಲ ನಮ್ಮ ತಲೆಯ ಮೇಲೇ ತೂಗುತ್ತಿರುವಾಗ ಬೇರೆ ಪ್ರದರ್ಶನ ಯಾಕೆ ಎಂದಳು. ಬೋರ್ಡು ಇಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಒಂದೊಂದೇ ಪದರ ಬಿಡಿಸಿ, ರಾಜನಿಂದ ಇವತ್ತಿನ ತನಕ ಕಾಣುವಂತೆ ಸಭಾಂಗಣದಲ್ಲಿ ಇಡಬೇಕಂತೆ. ಊರೆಲ್ಲ ಮರೆತ ಅಪ್ಪನ ಕೆಲಸವನ್ನು ಮಗನೇ ಕೆರೆದು ಮಾವನ ಕಣ್ಣಮುಂದೆ ಹಿಡಿಯಬೇಕು. ಬೋರ್ಡು ತೆಗೆದರೆ ಗೋಡೆ ಬೀಳುತ್ತದೆ ಎಂದು ಬೋರ್ಡಣ್ಣ ಹೆದರಿಸಿ ನೋಡಿದ. ಬೀಳಲಿ, ಹೊಸದು ಮಂಜೂರಾಗಿದೆ ಎಂದಳು ಆಕೆ.

"ನೀವು ಕೆರೆಯದಿದ್ದರೆ ಇನ್ಯಾರೋ ಕೆರೀತಾರೆ," ಎಂದಳು ಹೆಂಡತಿ. "ಅವರ ಕೈ ನಿಮ್ಮಷ್ಟು ಹಗುರ ಇರಲ್ಲ."

ಕೆರೆದ. ಅಜ್ಜನ ಎರಡು ಪದರಗಳು ಒಂದಕ್ಕೊಂದು ಅಂಟಿ ಪುಡಿಪುಡಿಯಾದವು. ರಾಜನ ಹೆಸರಿನಲ್ಲಿ ಅರ್ಧ ಮಾತ್ರ ಉಳಿಯಿತು. ಅಪ್ಪ ಮುಚ್ಚಿದ ಪದರದ ಮೇಲರ್ಧವೂ ಅಡಿಯದಕ್ಕೆ ಅಂಟಿ ಕಲ್ಲಾಗಿತ್ತು. ಕೆಳಗರ್ಧಕ್ಕೆ ಅಲಗು ತಾಗಿದ್ದೇ ತಡ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡು ಬಂತು. ಅಡಿಯಲ್ಲಿ ಆ ಸಾಲು ಇಡಿಯಾಗಿ, ತುಸು ಹಳದಿಗಟ್ಟಿ, ಮಿರಮಿರ ಮಿನುಗುತ್ತಿತ್ತು. ಬೋರ್ಡಣ್ಣ ಉಗುರಿನಿಂದ ಗೀರಿ ನೋಡಿದ. ವಾರ್ನಿಷ್, ಅದೂ ಎರಡು ಕೈ ಬಳಿದದ್ದು. ಒಂದೊಂದು ಕೈ ಒಣಗಲು ಎರಡೆರಡು ದಿನ ಬೇಕು. ಆ ನಾಲ್ಕು ದಿನದ ಜ್ವರದಲ್ಲಿ ಅಪ್ಪನ ಹಣೆ ತಣ್ಣಗಿತ್ತು ಎಂಬುದು ಅವನಿಗೆ ಆಗ ನೆನಪಾಯಿತು.

ಸಮಾರಂಭದ ದಿನ ಮಾವ ಕೋಲೂರಿಕೊಂಡು ಬಂದ. ಎಪ್ಪತ್ತೆಂಟು ದಾಟಿದ್ದರೂ ಕೊರಳಲ್ಲಿ ಟೇಪು ಇತ್ತು. ಬೋರ್ಡಿನ ಮುಂದೆ ನಿಂತವನು ಅಲ್ಲಾಡಲೇ ಇಲ್ಲ.

"ಇದ್ಯಾಕೆ ಇಷ್ಟು ಹೊಳೀತಿದೆ?"

"ವಾರ್ನಿಷ್, ಮಾವ. ಕೆಳಗಿನದು ಉಳೀಲಿ ಅಂತ ಇದ್ದಾಗ ಮಾತ್ರ ನಡುವೆ ಹಾಕೋದು."

"ರಾಜನಿಗೆ ಹಾಕಿಲ್ವಾ?"

"ಯಾರಿಗೂ ಹಾಕಿಲ್ಲ. ಈ ಒಂದು ಸಾಲಿಗೆ ಮಾತ್ರ."

ಮಾವ ಬಗ್ಗಿ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದ. ಮೂರನೆಯದರ ಬಾಲ ಸೊಟ್ಟಗಿದೆ, ಆಗಲೇ ಹೇಳಿದ್ದೆ, ಅವನು ಕೇಳಲಿಲ್ಲ ಎಂದು ಗೊಣಗಿದ. ಕೋಲೂರಿ ನೆಟ್ಟಗಾಗಿ, "ಒಂದು ಮಾತು ಹೇಳಬಾರದಿತ್ತಾ ಆ ಕತ್ತೆ," ಎಂದ. ಕೊರಳಿನ ಟೇಪು ಎಳೆದ.

"ತೋಳು ಚಾಚು."

"ಇಲ್ಲೇನಾ, ಮಾವ?"

"ನಿಮ್ಮಪ್ಪನ ಅಳತೆ ಇನ್ನೂ ನೆನಪಿದೆ. ನಿಂದೇ ಗೊತ್ತಿಲ್ಲ."

ಅಧಿಕಾರಿಣಿಯ ಭಾಷಣ ರಾಜನಿಂದ ಹೊರಟು ಐವತ್ತನೆಯ ವರ್ಷ ಮುಟ್ಟುವ ತನಕ ಬೋರ್ಡಣ್ಣ ಎರಡೂ ತೋಳು ಚಾಚಿ ಸಭಾಂಗಣದ ನಡುವೆ ನಿಂತೇ ಇದ್ದ. ಬಂದವರಲ್ಲಿ ಕೆಲವರು ಅವನನ್ನೂ ಪ್ರದರ್ಶನದ ವಸ್ತುವೆಂದುಕೊಂಡು ಸುತ್ತು ಹಾಕಿ ಹೋದರು.

ವಾರದಲ್ಲಿ ಅಂಗಿ ಬಂತು. ಕುಂಚ ಹಿಡಿಯುವ ಕೈಯ ತೋಳು ಎರಡು ಬೆರಳು ಗಿಡ್ಡ. ಬೇಕೆಂದೇ ಹಾಗೆ ಕತ್ತರಿಸಿದನೋ, ಕಣ್ಣು ಮಂಜಾಗಿತ್ತೋ, ಬೋರ್ಡಣ್ಣ ಕೇಳಲಿಲ್ಲ. ಆ ತೋಳು ಬಣ್ಣದಲ್ಲಂತೂ ಮುಳುಗಲಿಲ್ಲ.