ಒಪ್ಪಿಸಿಬಿಟ್ಟವರ ನಿದ್ದೆ

ಒಳಗೆ ಗಂಡನ ಎದೆ ಕೊಯ್ಯುತ್ತಿದ್ದರು, ಹೊರಗೆ ಸ್ಟೆಲ್ಲಾ ಟೀಚರ್ ಗೊರಕೆ ಹೊಡೆಯುತ್ತಿದ್ದರು. ಮಟಮಟ ಮಧ್ಯಾಹ್ನ, ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಅವರ ಕೆಳಗಿನ ಮನೆಯವಳಾದ ನಾನು ಜೊತೆಗೆ ಹೋದ ತಪ್ಪಿಗೆ ಫ್ಲಾಸ್ಕನ್ನು ಎದೆಗವಚಿಕೊಂಡು ಆಪರೇಷನ್ ಥಿಯೇಟರಿನ ಬಾಗಿಲನ್ನೇ ನೋಡುತ್ತಾ ಬೆವರುತ್ತಿದ್ದೆ. ನಿಜ ಹೇಳುತ್ತೇನೆ, ಆಗ ನನಗೆ ಒಳಗಿದ್ದ ಡೇನಿಯಲ್ ಅಂಕಲ್ ಮೇಲಿನ ಮರುಕಕ್ಕಿಂತ ಟೀಚರ್ ನಿದ್ದೆಯ ಮೇಲಿನ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಎಚ್ಚರವಾದ ಕೂಡಲೇ ಕೇಳಿದೆ. "ಅದ್ಹೆಂಗೆ ನಿದ್ದೆ ಬರುತ್ತೆ ಟೀಚರ್ ನಿಮಗೆ?"

"ಕರ್ತನ ಕೈಗೆ ಒಪ್ಪಿಸಿದೀನಿ ಕಣೇ ಸುಜಾತಾ. ಒಪ್ಪಿಸಿದ್ಮೇಲೆ ನಿಮಿಷಕ್ಕೊಂದ್ಸಲ ವಾಪಸ್ ಇಸ್ಕೊಂಡು ನೋಡ್ತಾ ಇದ್ರೆ ಮರ್ಯಾದೆಯಾ? ಕಾಫಿ ಉಳಿದಿದ್ಯಾ ಅದ್ರಲ್ಲಿ?"

ಅತ್ತಿಗುಪ್ಪೆಯ ನಮ್ಮ ಮನೆಯ ಮಹಡಿಗೆ ಅವರು ಬಾಡಿಗೆಗೆ ಬಂದದ್ದು ನಿವೃತ್ತರಾದ ಮೇಲೆ. ಬೆಳಗ್ಗೆ ಪ್ರಾರ್ಥನೆಗೆ ಕೂರಲು ಅವರು ಕುರ್ಚಿ ಎಳೆದರೆ ನಮ್ಮ ಅಡುಗೆಮನೆಯ ಸೂರು ಕರ್ರೆನ್ನುತ್ತಿತ್ತು. ಅಷ್ಟು ಹೊತ್ತಿಗೆ ನಾನು ಹಾಲು ಉಕ್ಕೀತೆಂದು, ಗ್ಯಾಸ್ ಮುಗಿದೀತೆಂದು ಆ ದಿನದ ಮೊದಲ ಕಂತಿನ ಚಿಂತೆ ಮುಗಿಸಿರುತ್ತಿದ್ದೆ. ನಾನೂ ದೈವಭಕ್ತೆಯೇ. ಆದರೆ ಹರಕೆ ಹೊತ್ತರೆ ಅದನ್ನು ತೀರಿಸುವ ಚಿಂತೆಯನ್ನೂ ಸೇರಿಸಿ ಹೊರುವ ಪೈಕಿ.

ಅಂಕಲ್ ಚೇತರಿಸಿಕೊಂಡಾಗ ಮಹಡಿಯಲ್ಲಿ ಪ್ರಾರ್ಥನಾ ಕೂಟ ಇಟ್ಟುಕೊಂಡರು. ನಮ್ಮ ಮನೆಯ ಕುರ್ಚಿಗಳ ಜೊತೆ ನಾನೂ ಹೋದೆ. "ಪ್ರಾರ್ಥನಾ ವಿಷಯ ಇದ್ರೆ ಹೇಳಿ" ಎಂದರು ಪಾಸ್ಟರ್. ಒಬ್ಬೊಬ್ಬರೂ ಒಂದೊಂದು ಕಷ್ಟ ಹೇಳಿ ಸುಮ್ಮನಾದರು. ಒಂದೇ ಹೇಳಬೇಕೆಂಬ ಪದ್ಧತಿ ನನಗೇನು ಗೊತ್ತು? ನನ್ನ ಬಿ.ಪಿ.ಯಿಂದ ಶುರು ಮಾಡಿದೆ. ಬಾಲ್ಕನಿಯ ಬಿರುಕು, ಕೆಟ್ಟು ಕೂರುವ ಬೋರ್‌ವೆಲ್ ಮೋಟರ್, ಸ್ಕೂಟರ್ ಓಡಿಸುತ್ತಲೇ ಫೋನಿನಲ್ಲಿ ಮಾತಾಡುವ ಗಂಡ... ಪಾಸ್ಟರ್ ಒಂದು ಕಣ್ಣು ತೆರೆದು ನೋಡಿದರು. ಟೀಚರ್ ನನ್ನ ಸೆರಗು ಜಗ್ಗಿದರು. "ಸಾಕು ಕಣೇ, ಹಿಂದೆ ಇನ್ನೂ ಜನ ಇದಾರೆ! ಉಳಿದಿದ್ದು ನನಗೆ ಹೇಳು, ನಾನು ಹೇಳ್ಕೋತೀನಿ."

ಕೋಣೆಗೆ ಕೋಣೆಯೇ ನಕ್ಕಿತು. ಶಾವಿಗೆ ಪಾಯಸ ಕುಡಿದು ಕೆಳಗಿಳಿದು ಬಂದೆ, ಚಿಂತೆಗಳ ಸಮೇತ.

ಮುಂದೆ ಅಂಕಲ್ ಹೋಗಿಯೇಬಿಟ್ಟರು. ಟೀಚರ್ ಬೀದಿಗೆಲ್ಲ ಕೇಳುವಂತೆ ಅತ್ತರು. ಇನ್ನು ಇವರೂ ನಿದ್ದೆಗೆಟ್ಟು ನನ್ನ ಸಾಲಿಗೆ ಸೇರುತ್ತಾರೆ ಎಂಬ ಒಂದು ನೀಚ ಸಮಾಧಾನ ನನ್ನೊಳಗೆ ಆಡಿತು. ಕೆಲವೇ ದಿನಗಳಲ್ಲಿ ಮತ್ತೆ ಸೂರು ಕರ್ರೆಂದಿತು. ಮೇಲೆ ಹೋಗಿ ನೋಡಿದರೆ ಕಣ್ಣು ಊದಿದೆ, ಮುಖ ಮಾತ್ರ ತಿಳಿಯಾಗಿದೆ.

"ಅಳೋದು ಬೇರೆ, ಹೆದರೋದು ಬೇರೆ ಕಣೇ. ಅಳು ಇನ್ನೂ ಇದೆ. ಹೆದರಿಕೇನ ಕೊಟ್ಟುಬಿಟ್ಟೆ."

ನಾನು ದೇವರಿಗೆ ತೆಂಗಿನಕಾಯಿ ಕೊಟ್ಟಿದ್ದೇನೆ, ಸೀರೆ ಕೊಟ್ಟಿದ್ದೇನೆ. ಹೆದರಿಕೆ ಕೊಡಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಆಮೇಲೆ ಅವರು ಬ್ಯಾಡರಹಳ್ಳಿಯ ಮಗಳ ಮನೆಗೆ ಹೋದರು. ವರ್ಷ ಕಳೆದು, ಟೀಚರ್ ಹಾಸಿಗೆ ಹಿಡಿದಿದ್ದಾರೆಂದು ಆ ಮಗಳೇ ಫೋನ್ ಮಾಡಿದಳು. ಬಸ್ಸಿನುದ್ದಕ್ಕೂ ಸಮಾಧಾನದ ಮಾತು ಉರುಹೊಡೆದುಕೊಂಡು ಹೋದವಳು, ಅವರ ಬತ್ತಿದ ಕೈ ಕಂಡು ಅತ್ತುಬಿಟ್ಟೆ.

"ಕೂತ್ಕೊಳ್ಳೇ. ಪ್ರಾರ್ಥನೆ ಮಾಡೋಣ" ಎಂದರು. ಅವರ ಕಾಯಿಲೆಗೆಂದುಕೊಂಡು ಕಣ್ಣು ಮುಚ್ಚಿದೆ.

"ಕರ್ತನೇ, ಸುಜಾತಾಳ ಬಿ.ಪಿ... ಆ ಬಾಲ್ಕನಿ ಬಿರುಕು... ಬೋರ್‌ವೆಲ್ ಮೋಟರ್..."

ನಾನೇ ಮರೆತಿದ್ದೆ. ತೊದಲಿದೆ. "ಟೀಚರ್... ಮೋಟರ್ ಹೊಸದು ಹಾಕ್ಸಾಯ್ತು. ಬಿರುಕಿಗೂ ಸಿಮೆಂಟ್ ಮಾಡ್ಸಿದ್ವಿ."

ಅವರು ಒಂದು ಕಣ್ಣು ತೆರೆದರು. "ಹೇಳೋದಲ್ವೇನೇ? ದಿನಾ ಬೆಳಗ್ಗೆ ಸುಮ್‌ಸುಮ್ನೆ ಆತನ ತಲೆ ತಿಂತಾ ಇದೀನಲ್ಲ!"

ನಕ್ಕರು, ಕೆಮ್ಮಿದರು, ಮತ್ತೆ ಕಣ್ಣು ಮುಚ್ಚಿದರು. ಸ್ಕೂಟರಿನ ಗಂಡ ಬಾಕಿಯಿದ್ದ.

ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಇಳಿಯಬೇಕಾದ ಟೋಲ್‌ಗೇಟ್ ಸ್ಟಾಪ್ ಯಾವಾಗಲೋ ದಾಟಿಹೋಗಿತ್ತು. ಕಂಡಕ್ಟರ್ ನನ್ನ ಭುಜದ ಹತ್ತಿರ ಸೀಟು ಬಡಿದು ಎಬ್ಬಿಸಿದ. "ಆಂಟಿ, ಮೆಜೆಸ್ಟಿಕ್ ಬಂತು. ಏನ್ ಗೊರಕೆ ಆಂಟಿ ನಿಮ್ದು!"

ಮುಂದಿನ ಸಲ ಹೋದಾಗ ಇದನ್ನು ಟೀಚರಿಗೆ ಹೇಳಿ, ಒಮ್ಮೆಯಾದರೂ ಅವರ ಹೊಟ್ಟೆ ಉರಿಸಬೇಕೆಂದುಕೊಂಡಿದ್ದೆ. ಅದೇ ವಾರದ ಭಾನುವಾರ ಅವರ ಮಗಳ ಫೋನ್ ಬಂತು. ನಿದ್ದೆಯಲ್ಲೇ ಹೋದರಂತೆ.