ಮಹಾಂತಯ್ಯನ ಒಂದು ತಾಸು

ಕೆಲಗೇರಿ ಕೆರೆ ದಂಡೆಯಿಂದ ಜುಬಿಲಿ ಸರ್ಕಲ್ಲಿನ ಕಡೆಗೆ ಹೋಗಿ ತಿರುಗಿ ಬಂದರೆ ಹತ್ತು ಕಿಲೋಮೀಟರು. ಪ್ರತಿ ಡಿಸೆಂಬರಿನಲ್ಲಿ ನಮ್ಮ ಧಾರವಾಡದ ಓಟಗಾರರ ಸಂಘ ಈ ಓಟ ನಡೆಸುತ್ತದೆ. ಕಾಲು ನೆಟ್ಟಗಿರುವ ಯಾರಾದರೂ ಇದನ್ನು ಒಂದು ತಾಸಿನೊಳಗೆ ಮುಗಿಸಬಹುದು ಎಂದು ನಾನು ತಿಳಿದಿದ್ದೆ. ಮಹಾಂತಯ್ಯನನ್ನು ಕಂಡ ಮೇಲೆ ಆ ತಿಳಿವಳಿಕೆ ಬಿಟ್ಟೆ.

ಮಹಾಂತಯ್ಯ ಕರೆಂಟಿನ ಮೀಟರ್ ಓದುವವನು. ಮೂವತ್ತೊಂದು ವರ್ಷದಿಂದ ತಿಂಗಳಿಗೊಮ್ಮೆ ಈ ಭಾಗದ ಮನೆಗಳ ಮುಂದೆ ನಿಂತು, ಮೀಟರಿನ ನಂಬರು ನೋಡಿ, ಬಿಲ್ಲು ಕೈಗಿಟ್ಟವನು. ನಡೆದು ನಡೆದು ಕಾಲು ಗಟ್ಟಿ, ಉಸಿರೂ ಗಟ್ಟಿ. ಐವತ್ತೊಂಬತ್ತರ ವಯಸ್ಸಿನಲ್ಲಿ ಅವನಿಗಿರುವಂಥ ಕಾಲು ನಾನು ಗಣಿತ ಕಲಿಸಿದ ಕಾಲೇಜಿನ ಹುಡುಗರಿಗೂ ಇರಲಿಲ್ಲ. ಆದರೂ ಮೂರು ವರ್ಷ ಅವನು ಮುಟ್ಟಿದ್ದು ಒಂದು ತಾಸು ದಾಟಿದ ಮೇಲೆಯೇ. ಹೋದ ವರ್ಷ ಬರೀ ನಲವತ್ತು ಸೆಕೆಂಡಿನಲ್ಲಿ ತಪ್ಪಿತು. ಇದಕ್ಕೆಲ್ಲ ಕಾರಣ ಅವನ ಬಾಯಿ.

ಓಟದ ದಾರಿಯ ಅರ್ಧ ಮನೆಗಳು ಅವನ ಪರಿಚಯದವು. "ಮಹಾಂತಯ್ಯನವರ, ಈ ತಿಂಗಳ ಬಿಲ್ಲ ಯಾಕ ಇಷ್ಟ ಬಂದೈತ್ರಿ?" ಎಂದು ಯಾರೋ ಗೇಟಿನಿಂದ ಕೂಗುತ್ತಾರೆ. ಬೇರೆಯವರಾದರೆ ಕೈ ಬೀಸಿ ಮುಂದೆ ಹೋದಾರು. ಇವನು ನಿಲ್ಲುತ್ತಾನೆ. ಎದೆಗೆ ಓಟದ ಚೀಟಿ ಸಿಕ್ಕಿಸಿಕೊಂಡೇ ಗೀಜರಿನ ವಿಷಯದಲ್ಲಿ ಬುದ್ಧಿ ಹೇಳುತ್ತಾನೆ. ಹೋದ ವರ್ಷ ಶಿವಬಸವ್ವನ ಗೇಟಿನಲ್ಲಿ ಚಹಾ ಒಲ್ಲೆ ಎನ್ನುವುದಕ್ಕೇ ಇಪ್ಪತ್ತೆಂಟು ಸೆಕೆಂಡು ಹಿಡಿಯಿತಂತೆ. ನನ್ನದು ಐವತ್ತು ನಿಮಿಷದ ಓಟ. ಓಡುವಾಗ ನಿಂತು ಹರಟುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ಈ ಸಲ ನವೆಂಬರಿನ ಒಂದು ಬೆಳಿಗ್ಗೆ ಕೆರೆ ದಂಡೆಯ ಮೇಲೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಅವನು ಹೇಳಿದ:

"ರಮಾಕಾಂತ ಸರ, ಜನವರಿಗೆ ನಾ ರಿಟೈರ್ ಆಗ್ತೇನ್ರಿ. ಇಷ್ಟ ವರ್ಷ ಮಂದಿ ಮನಿ ನಂಬರ ಓದೀನಿ. ನಂದ ಅಂತ ಒಂದ ನಂಬರ ಬೇಕಾಗೇತ್ರಿ. ಐವತ್ತೊಂಬತ್ತ ನಿಮಿಷದ್ದು."

ತಮಾಷೆ ಮಾಡಲು ಬಾಯಿ ತೆರೆದವನು ಮಾತು ಬದಲಿಸಿದೆ. ಅವನ ದನಿ ನಡುಗಿತ್ತು.

"ಈ ಸಲ ನಿಮ್ಮ ಜೋಡಿ ನಾನೂ ಓಡ್ತೇನಿ. ಎಲ್ಲೂ ನಿಲ್ಲಲಿಕ್ಕೆ ಬಿಡೂದಿಲ್ಲ ನೋಡ್ರಿ" ಎಂದೆ.

ಓಟದ ಹಿಂದಿನ ದಿನ ಅವನಿಗೆ ತಿಳಿಯದಂತೆ ಆ ದಾರಿಯ ಹದಿನಾಲ್ಕು ಮನೆಗಳಿಗೂ ಇಕ್ಬಾಲನ ಚಹಾದಂಗಡಿಗೂ ಹೋಗಿ ಬಂದೆ. "ಮಹಾಂತಯ್ಯನವರು ತಾಸಿನೊಳಗ ಮುಗಸಬೇಕಾಗ್ಯದ. ನಾಳೆ ಯಾರೂ ಅವರನ್ನ ಮಾತಾಡಸಬ್ಯಾಡ್ರಿ" ಎಂದೆ. ಎಲ್ಲರೂ ಆಯಿತು ಎಂದರು. ಮೇಷ್ಟ್ರ ಬುದ್ಧಿಯೇ ಬುದ್ಧಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಂದಿ ನನ್ನ ಮಾತನ್ನು ಅಗತ್ಯಕ್ಕಿಂತ ಚೆನ್ನಾಗಿ ಪಾಲಿಸಿದರು. ರಂಗೋಲಿ ಹಾಕುತ್ತಿದ್ದ ದಾಕ್ಷಾಯಿಣಿ ನಮ್ಮನ್ನು ಕಂಡು ಬೆನ್ನು ತಿರುಗಿಸಿ ಕೂತಳು. ಪಕ್ಕದ ಮನೆಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಶಿವಬಸವ್ವ ಸೆರಗನ್ನು ಮುಖದ ತುಂಬ ಎಳೆದುಕೊಂಡು ಗೋಡೆ ನೋಡುತ್ತ ನಿಂತಳು. ಮೂರನೆಯ ಕಿಲೋಮೀಟರಿಗೆ ನಾವು ಪೂರಾ ಒಂದು ನಿಮಿಷ ಮುಂದಿದ್ದೆವು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದರೆ, ಮಹಾಂತಯ್ಯನ ಮುಖ ಬಾಡುತ್ತ ಹೋಗುತ್ತಿತ್ತು.

"ಏನಾಗೇತ್ರಿ ಸರ? ಯಾರೂ ಮಾರಿ ಎತ್ತಿ ನೋಡವಲ್ಲರು."

"ಓಡ್ರಿ."

"ನನ್ನ ಕೈಯಾಗ ಏನರ ತಪ್ಪಾಗೇತೇನ್ರಿ?"

"ಓಡ್ರಿ ಅಂದೆ!"

ಸರ್ಕಲ್ಲಿನಿಂದ ತಿರುಗಿ ಆರು ಕಿಲೋಮೀಟರು ಮುಗಿಸುವಾಗ ಒಂದೂವರೆ ನಿಮಿಷ ಉಳಿಸಿದ್ದೆವು. ಅಲ್ಲೇ ಇಕ್ಬಾಲನ ಚಹಾದಂಗಡಿ; ಹೋಗುವಾಗ ಅದಿನ್ನೂ ತೆರೆದಿರಲಿಲ್ಲ. ಅವನು ನಮ್ಮನ್ನು ಕಂಡದ್ದೇ ಪೇಪರು ಎತ್ತಿ ಮುಖ ಮುಚ್ಚಿಕೊಂಡ. ಮಹಾಂತಯ್ಯ ನಿಂತೇಬಿಟ್ಟ.

"ಇಕ್ಬಾಲ, ನೀನೂ ಹಂಗನ? ನಾ ಏನ ತಪ್ಪ ಮಾಡೀನಿ ಹೇಳು. ಹೇಳೂತನಾ ಇಲ್ಲಿಂದ ಕದಲಂಗಿಲ್ಲ."

ಇಕ್ಬಾಲ ಪೇಪರಿನ ಅಂಚಿನಿಂದ ನನ್ನನ್ನು ನೋಡಿದ. "ಸರ, ಈಗ ಮಾತಾಡ್ಲ್ಯೋ ಬ್ಯಾಡೋ?"

ಬೇರೆ ದಾರಿಯಿರಲಿಲ್ಲ. ಏದುಸಿರು ಬಿಡುತ್ತ ಎಲ್ಲ ಒಪ್ಪಿಕೊಂಡೆ. ಮಹಾಂತಯ್ಯ ಮೊದಲು ಸಿಟ್ಟಿನಿಂದ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿಯುವ ಹೊತ್ತಿಗೆ ಒಂದು ನಿಮಿಷ ನಲವತ್ತು ಸೆಕೆಂಡು ಹೋಗಿತ್ತು. ಉಳಿಸಿದ್ದೆಲ್ಲ ನೀರಿಗೆ ಬಿದ್ದು, ಹತ್ತು ಸೆಕೆಂಡು ಹಿಂದೆ ಉಳಿದಿದ್ದೆವು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

"ಮಂದಿ ಮಾತಾಡಿದ್ರ ನನ್ನ ಕಾಲ ಓಡ್ತಾವ್ರಿ ಸರ" ಎಂದು ಅವನು ಹೊರಟ. "ಇಕ್ಬಾಲ, ಎಲ್ಲಾರಿಗೂ ಫೋನ್ ಹಚ್ಚು. ಮಾತಾಡ್ರಿ ಅನ್ನು. ಆದ್ರ ನಾ ನಿಲ್ಲಂಗಿಲ್ಲ, ಓಡ್ಕೋತ ಕೇಳ್ರಿ ಅನ್ನು!"

ಹಾಗೆ ಶುರುವಾಯಿತು. ಗೇಟುಗಳು ತೆರೆದವು. ಲುಂಗಿ ಎತ್ತಿ ಕಟ್ಟಿದವರು, ಹಲ್ಲುಜ್ಜುತ್ತಿದ್ದವರು, ಒಬ್ಬೊಬ್ಬರೇ ನಮ್ಮ ಪಕ್ಕದಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ಓಡಿ ತಮ್ಮ ಮಾತು ಮುಗಿಸಿ ನಿಂತರು. ಎಪ್ಪತ್ತರ ಶಿವಬಸವ್ವ ಕಚ್ಚೆ ಬಿಗಿದು ರಸ್ತೆಗಿಳಿದಳು.

"ಅಯ್ಯನವರ, ನನ್ನ ಬಿಲ್ಲ..."

"ಫ್ರಿಜ್ಜಿನ ಬಾಗಲದ ರಬ್ಬರ ಹೋಗೇತಿ ಅವ್ವಾ! ಬ್ಯಾರೇದ ಹಾಕಸ್ರಿ!"

ದಾಕ್ಷಾಯಿಣಿ ರಂಗೋಲಿ ಡಬ್ಬಿ ಹಿಡಿದುಕೊಂಡೇ ಓಡಿದಳು. ಉತ್ತರ ಕೊಡುತ್ತ ಕೊಡುತ್ತ ಮಹಾಂತಯ್ಯನ ಹೆಜ್ಜೆ ಜೋರಾಯಿತೇ ಹೊರತು ತಗ್ಗಲಿಲ್ಲ. ಕಡೆಯ ಅರ್ಧ ಕಿಲೋಮೀಟರು ಅವನ ಸರಿಸಮ ಓಡಲು ನನಗೇ ಬೆವರಿಳಿಯಿತು. ಗೆರೆ ದಾಟಿ ಗಡಿಯಾರ ನೋಡಿದೆ. ಐವತ್ತೊಂಬತ್ತು ನಿಮಿಷ ಐವತ್ತೆರಡು ಸೆಕೆಂಡು.

ಅವನು ದಂಡೆಯ ಮೇಲೆ ಕೂತು ನಾಚಿಕೆ ಇಲ್ಲದೆ ಅತ್ತ. ಆಮೇಲೆ ಮುಖ ಒರೆಸಿಕೊಂಡು ಎದ್ದ.

"ನಡೀರಿ ಸರ, ಎಲ್ಲಾರಿಗೂ ಹೇಳಿ ಬರೋಣು."

ಮನೆಗೆ ಹೋಗಿ ಮಲಗಬೇಕೆಂದಿದ್ದೆ. ಆದರೂ ಹೋದೆ. ಇಪ್ಪತ್ತಾರು ವರ್ಷ ಇದೇ ರಸ್ತೆಯಲ್ಲಿದ್ದರೂ ಒಬ್ಬರ ಗೇಟಿನಲ್ಲೂ ನಿಂತವನಲ್ಲ ನಾನು. ಒಂದೊಂದು ಗೇಟಿನಲ್ಲೂ ಅವನು ತನ್ನ ನಂಬರು ಹೇಳಿದ. ಮಂದಿ ಅವನ ಕೈ ಹಿಡಿದು ಕುಲುಕಿದರು, ಒಳಗೆ ಕರೆದು ಕೂಡಿಸಿದರು. ಓಟದಲ್ಲಿ ತಿರುಗಿ ಬರುವಾಗ ಅರ್ಧ ತಾಸಿನಲ್ಲಿ ಓಡಿದ ದಾರಿಗೆ ಈಗ ಎರಡೂವರೆ ತಾಸು ಹಿಡಿಯಿತು. ನಾನು ಗಡಿಯಾರ ನೋಡಿದ್ದು ಆಮೇಲೆ.

ಶಿವಬಸವ್ವ ಅವನಿಗೆ ಚಹಾ ಕೊಟ್ಟು ನನ್ನ ಕಡೆ ತಿರುಗಿದಳು. "ನೀವ ಎಷ್ಟಕ್ಕ ಮುಟ್ಟಿದ್ರಿ ಸರ?"

ಓಡಲು ಶುರು ಮಾಡಿದಾಗಿನಿಂದ ನಾನು ಅಷ್ಟು ನಿಧಾನ ಎಂದೂ ಓಡಿರಲಿಲ್ಲ.

"ಐವತ್ತೊಂಬತ್ತು ಐವತ್ತೆರಡ್ರಿ!" ಎಂದೆ, ಮಹಾಂತಯ್ಯನಿಗಿಂತ ಜೋರಾಗಿ.