ಅಂಚು ಕತ್ತರಿಸಿದ ಕಣ್ಣು

ಕಣ್ಣಾಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಕೂರುತ್ತಿದ್ದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಚೀಟಿಗೆ ಬಿಟ್ಟರೆ ಇನ್ಯಾವುದಕ್ಕೂ ಬೇಕಾಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕತ್ತರಿ. "ಕತ್ತರಿ ಹತ್ರ ಕೊಡಿ, ಚೆನ್ನಾಗಿ ಮಾಡ್ಕೊಡ್ತಾರೆ" ಎನ್ನುವುದು ಆ ಆಸ್ಪತ್ರೆಯಲ್ಲಿ ದಿನಕ್ಕೆ ನಾಲ್ಕಾರು ಸಲ ಕೇಳುವ ಮಾತು. ಫೋನೆತ್ತಿದರೆ ಅವನೂ "ಕತ್ತರಿ ಮಾತಾಡ್ತಿದೀನಿ" ಅನ್ನುವಷ್ಟು ಅದಕ್ಕೆ ಒಗ್ಗಿಹೋಗಿದ್ದ.

ಆಸ್ಪತ್ರೆಯವರು ರೆಟಿನಾದ ಬಗ್ಗೆ ಒಂದು ಸಂಶೋಧನಾ ಪತ್ರಿಕೆ ಹೊರಡಿಸುತ್ತಿದ್ದರು. ರೆಟಿನಾ ಅಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡ ತೆಳ್ಳನೆಯ ಪದರ. ನಾವು ಕಂಡದ್ದೆಲ್ಲ ಮೊದಲು ಮೂಡುವುದು ಅದರ ಮೇಲೆ. ಕ್ಯಾಮೆರಾದಲ್ಲಿ ಅದು ಕಿತ್ತಳೆ ಬಣ್ಣದ ದುಂಡನೆಯ ಬಿಲ್ಲೆಯ ಹಾಗೆ ಕಾಣುತ್ತದೆ, ಮೇಲೆ ಕೆಂಪು ರಕ್ತನಾಳಗಳ ಕವಲು. ಲೇಖನಗಳ ಜೊತೆ ಬರುವ ಇಂಥ ಚಿತ್ರಗಳನ್ನು ಅಚ್ಚಿಗೆ ಸಿದ್ಧಪಡಿಸುವುದು ಕತ್ತರಿಯ ಕೆಲಸ. ರೆಪ್ಪೆಯ ನೆರಳು ಬಿದ್ದಿದ್ದರೆ ತೆಗೆಯುವುದು, ಧೂಳಿನ ಚುಕ್ಕೆ ಒರೆಸುವುದು, ನಡುಭಾಗವನ್ನು ಉಳಿಸಿಕೊಂಡು ಸುತ್ತಲಿನದನ್ನು ಕತ್ತರಿಸಿ ಹಾಕುವುದು. ಅದರಲ್ಲಿ ಅವನದು ಎತ್ತಿದ ಕೈ.

ನಡುಭಾಗವೇ ಯಾಕೆ ಅಂದರೆ, ಆಗ ಅದರ ಕಾಲ. ಸಂಶೋಧನೆಗೂ ಒಂದು ಫ್ಯಾಷನ್ ಇರುತ್ತದೆ. ಬಟ್ಟೆ ಅಂಗಡಿಯವರು ಅದನ್ನು ಒಪ್ಪಿಕೊಳ್ಳುತ್ತಾರೆ, ಡಾಕ್ಟರುಗಳು ಒಪ್ಪಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ವರ್ಷಗಳಲ್ಲಿ ಜಗತ್ತಿನ ಕಣ್ಣಿನ ಡಾಕ್ಟರುಗಳೆಲ್ಲ ರೆಟಿನಾದ ನಟ್ಟನಡುವಿನ ಒಂದು ಬೊಟ್ಟಿನಷ್ಟು ಜಾಗವನ್ನು ತಲೆ ಮೇಲೆ ಹೊತ್ತು ಕುಣಿಯುತ್ತಿದ್ದರು. ಹೊಸ ಔಷಧಿ ಅದಕ್ಕೆ, ಹೊಸ ಯಂತ್ರ ಅದಕ್ಕೆ, ದೊಡ್ಡ ಅನುದಾನ ಅದಕ್ಕೆ. ಅಂಚಿನ ಬಗ್ಗೆ ಯಾರಾದರೂ ಬರೆದು ಕಳಿಸಿದರೆ ಪತ್ರಿಕೆಯ ಸಂಪಾದಕರಾಗಿದ್ದ ದೊಡ್ಡ ಡಾಕ್ಟರು ಕನ್ನಡಕ ಹಣೆಗೇರಿಸಿ, "ಒಳ್ಳೇದೇ, ಆದ್ರೆ ಇದನ್ನ ಯಾರು ಸೈಟ್ ಮಾಡ್ತಾರೆ?" ಅನ್ನುತ್ತಿದ್ದರು. ಒಂದು ಪತ್ರಿಕೆಯಲ್ಲಿ ಬಂದದ್ದನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸುತ್ತಾರೋ ಅದರ ಮೇಲೆ ವರ್ಷಕ್ಕೊಮ್ಮೆ ಅಂಕ ಬರುತ್ತದೆ. ಇಂಪ್ಯಾಕ್ಟ್ ಅನ್ನುತ್ತಾರೆ. ಅದು ಏರಿದ ವರ್ಷ ದೊಡ್ಡ ಡಾಕ್ಟರು ಮೆಟ್ಟಿಲು ಹತ್ತುವಾಗ ಹಾಡು ಗುನುಗುತ್ತಿದ್ದರು. ಇಳಿದ ವರ್ಷ ಅವರ ಎದುರಿಗೆ ಯಾರೂ ಸುಳಿಯುತ್ತಿರಲಿಲ್ಲ.

ಕತ್ತರಿಗೆ ಇವರ ಅಂಕದ ಗೊಡವೆ ಇರಲಿಲ್ಲ. ಆದರೆ ಅಭ್ಯಾಸ ಅನ್ನುವುದು ಮಾಡುವವನನ್ನು ಕೇಳಿ ಒಳಗೆ ಬರುವುದಿಲ್ಲ. ವರ್ಷಗಟ್ಟಲೆ ನಡುವನ್ನೇ ನೋಡಿ ನೋಡಿ, ಚಿತ್ರ ತೆರೆದುಕೊಳ್ಳುವ ಮೊದಲೇ ಅವನ ಕೈ ಅಂಚಿನ ಸುತ್ತ ಗೆರೆ ಎಳೆದುಬಿಡುತ್ತಿತ್ತು.

ಹೀಗಿರುವಾಗ ಆಸ್ಪತ್ರೆಗೆ ಹೊಸ ಕ್ಯಾಮೆರಾ ಬಂತು. ಹಳೆಯದು ನಡುವನ್ನೂ ಅದರ ಸುತ್ತಲಿನ ಒಂದಿಷ್ಟನ್ನೂ ಮಾತ್ರ ತೋರಿಸುತ್ತಿತ್ತು, ಇದು ರೆಟಿನಾದ ಕೊನೆಯವರೆಗೂ ಒಂದೇ ಏಟಿಗೆ ಹಿಡಿಯುತ್ತಿತ್ತು. ದೊಡ್ಡ ಡಾಕ್ಟರು ಆಗ ತಮ್ಮ ಜೀವಮಾನದ ಲೇಖನ ಬರೆಯುತ್ತಿದ್ದರು. ರೋಗದ ಕಣ್ಣುಗಳ ಚಿತ್ರ ಬೇಕಾದಷ್ಟಿದ್ದವು. ಪಕ್ಕಕ್ಕಿಟ್ಟು ಹೋಲಿಸಲು ಒಂದು ಒಳ್ಳೆಯ ಕಣ್ಣು ಸಿಗುತ್ತಿರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವವರ ಪೈಕಿ ಒಬ್ಬರದೂ ಚಿತ್ರಕ್ಕೆ ಬರುವಂಥ ಕಣ್ಣಲ್ಲ ಅನ್ನುವುದು ಆ ವಾರವಿಡೀ ಕ್ಯಾಂಟೀನಿನ ಜೋಕಾಗಿತ್ತು. ಅಂಥ ಹೊತ್ತಿನಲ್ಲಿ ಕತ್ತರಿಯ ಹೆಂಡತಿ, ಗಂಡ ಮರೆತು ಬಂದಿದ್ದ ಮನೆಯ ಬೀಗದ ಕೈ ಕೊಡಲು ಬಂದಳು. ದೊಡ್ಡ ಡಾಕ್ಟರು ಅವಳ ಕಣ್ಣನ್ನು ಕಂಡವರೇ, "ನಿಮ್ಮದು ತೆಗೀಬಹುದಾ ಅಮ್ಮಾ?" ಅಂದರು.

"ನೋವಾಗತ್ತಾ?" ಅಂದಳು.

"ಇಲ್ಲ, ಸ್ವಲ್ಪ ಹೊತ್ತು ಮಬ್ಬಾಗತ್ತೆ ಅಷ್ಟೆ."

"ಹಾಗಾದ್ರೆ ತೆಗೀರಿ. ಮದುವೆ ಆದ್ಮೇಲೆ ಒಂದೂ ಒಳ್ಳೆ ಫೋಟೋ ತೆಗೆಸಿಲ್ಲ ಇವರು."

ಕಣ್ಣಿಗೆ ಹನಿ ಹಾಕಿ, ಗದ್ದ ಊರಿಸಿ, ಬಲಗಣ್ಣಿನ ಚಿತ್ರ ತೆಗೆದು, ತೆರೆದು ನೋಡದೆ ನೇರ ಕತ್ತರಿಗೆ ಕಳಿಸಿದರು. ಕತ್ತರಿ ಅದನ್ನು ಅಂದೇ ಮಧ್ಯಾಹ್ನ ತೆರೆದ. ನಡುಭಾಗ ಎಷ್ಟು ಶುಭ್ರವಾಗಿತ್ತೆಂದರೆ ಅವನಿಗೆ ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿ ಬಂತು. ಮೇಲಂಚಿನ ಮೂಲೆಯಲ್ಲಿ ಉಗುರಿನಷ್ಟು ಏನೋ ಬಾಗಿದ ಗುರುತು. ಆ ಕ್ಯಾಮೆರಾದಲ್ಲಿ ರೆಪ್ಪೆಗೂದಲಿನ ನೆರಳು ಅಂಚಿಗೆ ಬೀಳುವುದು ಮಾಮೂಲಿ. ಗೆರೆ ಎಳೆದ, ಕತ್ತರಿಸಿದ, ನಡುವನ್ನಷ್ಟೇ ದೊಡ್ಡ ಡಾಕ್ಟರಿಗೆ ಕಳಿಸಿದ. ಇಡೀ ಚಿತ್ರವನ್ನು ಅವರೂ ಕೇಳಲಿಲ್ಲ, ಯಾರೂ ಕೇಳಲಿಲ್ಲ. ಆ ಸಂಜೆ ಕಣ್ಣು ಮಬ್ಬಾಗಿದ್ದ ಹೆಂಡತಿಯನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವಳು ಹೊಸ ಮದುಮಗಳ ಹಾಗೆ ಕಿಸಕ್ಕನೆ ನಗುತ್ತಿದ್ದಳು.

ಲೇಖನ ಜಗತ್ತನ್ನೇ ಸುತ್ತಿತು. ಅದಕ್ಕಿಂತ ಹೆಚ್ಚು ಸುತ್ತಿದ್ದು ಅದರ ಮೊದಲ ಚಿತ್ರ: "ಆರೋಗ್ಯವಂತ ಕಣ್ಣು". ಪಠ್ಯಪುಸ್ತಕದವರು ಅನುಮತಿ ಕೇಳಿ ಬರೆದರು, ಕೇಳದೆಯೂ ಹಾಕಿಕೊಂಡರು. ಪತ್ರಿಕೆಯ ಅಂಕ ಹಿಂದೆಂದೂ ಏರದಷ್ಟು ಏರಿತು. ದೊಡ್ಡ ಡಾಕ್ಟರು ಕೇಕ್ ಕತ್ತರಿಸಿ ಮೊದಲ ತುಂಡನ್ನು ಕತ್ತರಿಯ ಕೈಗೆ ಕೊಟ್ಟು, "ಮನೇಲಿ ಕೊಡಿ, ಇದು ಅವರದ್ದು" ಅಂದರು.

ಅವಳು ಹಿಗ್ಗಿ ಹೀರೇಕಾಯಿಯಾದಳು. ಆ ಪುಟಕ್ಕೆ ಫ್ರೇಮ್ ಹಾಕಿಸಿ ಹಜಾರದ ಗೋಡೆಗೆ ತೂಗುಹಾಕಿದಳು. ಬಂದವರು "ಇದೇನು, ಸೂರ್ಯನಾ?" ಅಂತ ಕೇಳಿದರೆ "ಅಲ್ಲ, ನಾನು" ಅನ್ನುತ್ತಿದ್ದಳು. ಅವಳ ನಾದಿನಿ ಮೂಗು ಮುರಿದು, "ಜನ ಮುಖ ತೂಗುಹಾಕ್ತಾರೆ, ನಮ್ಮತ್ತಿಗೆ ಒಳಗಿಂದ ಶುರು ಮಾಡಿದಾಳೆ" ಅಂದಿದ್ದಳು. ಅದನ್ನೂ ಅವಳೇ ಎಲ್ಲರಿಗೂ ಹೇಳಿಕೊಂಡು ನಕ್ಕಳು.

ವರ್ಷ ಕಳೆದ ಮೇಲೆ, ಒಂದು ಭಾನುವಾರ ಇಬ್ಬರೂ ಎರಡು ತುದಿ ಹಿಡಿದು ಹೊದಿಕೆ ಮಡಚುತ್ತಿದ್ದಾಗ ಅವಳು ತಟ್ಟನೆ ನಿಂತಳು.

"ಏನ್ರೀ, ಈ ಕಣ್ಣಿನ ಮೂಲೆಲಿ ಒಂಥರಾ ಮಿಂಚು ಹೊಡೆದ ಹಾಗಾಗತ್ತೆ. ಕಪ್ಪು ಚುಕ್ಕೆನೂ ಓಡಾಡತ್ತೆ."

"ಯಾವ ಕಣ್ಣು?"

"ಫೋಟೋದ್ದು."

ಕತ್ತರಿ ನಕ್ಕುಬಿಟ್ಟ. "ಜಗತ್ತಿನ ಡಾಕ್ಟರುಗಳೆಲ್ಲ ಒಳ್ಳೆ ಕಣ್ಣು ಅಂದ್ರೆ ಹೀಗಿರಬೇಕು ಅಂತ ಪಾಠ ಮಾಡ್ತಿರೋ ಕಣ್ಣು ಅದು. ಅದಕ್ಕೇನಾಗತ್ತೆ? ನಿದ್ದೆ ಸಾಲ್ತಿಲ್ಲ ನಿಂಗೆ."

ಅವಳಿಗೂ ಅದು ಸರಿಯೆನಿಸಿತು. ಗೋಡೆಯ ಕಡೆ ನೋಡಿ ತಾನೂ ನಕ್ಕಳು. ಹೊದಿಕೆಯನ್ನು ಮಡಚಿಟ್ಟರು. ಬೇರೆ ಯಾರ ಹೆಂಡತಿ ಹೀಗಂದಿದ್ದರೂ ಅವನು ಕೈಹಿಡಿದೆಳೆದು ಆಸ್ಪತ್ರೆಗೆ ತರುತ್ತಿದ್ದ. ಮಿಂಚು ಕಂಡರೆ ಅಂದೇ ಬನ್ನಿ ಅಂತ ಅವನೇ ಜೋಡಿಸಿದ ಭಿತ್ತಿಪತ್ರ ಆಸ್ಪತ್ರೆಯ ಎಲ್ಲ ಮಹಡಿಯಲ್ಲೂ ಇತ್ತು.

ಕೆಲವು ವಾರಗಳ ಮೇಲೆ ಅವಳು "ಕೆಳಗಿಂದ ಕಪ್ಪಗೆ ಏನೋ ಏರ್ತಿದೆ" ಅಂದಳು. ರೆಟಿನಾ ಗೋಡೆಯಿಂದ ಕಿತ್ತು ಬಂದಿತ್ತು. ಒಂದು ಶಸ್ತ್ರಚಿಕಿತ್ಸೆ ಆಯಿತು, ನಿಲ್ಲಲಿಲ್ಲ. ಇನ್ನೊಂದಾಯಿತು, ಅದೂ ನಿಲ್ಲಲಿಲ್ಲ. ಬಲಗಣ್ಣು ಹೋಯಿತು. ಮಿಂಚು ಕಂಡಾಗಲೇ ಬರಬೇಕಿತ್ತು ಅಂತ ಡಾಕ್ಟರುಗಳು ಮೆಲ್ಲಗೆ ಅಂದರು. ಅವತ್ತಿನಿಂದ ಕತ್ತರಿ ಆ ಭಾನುವಾರದ ನಗುವನ್ನು ನೆನೆದು ನೆನೆದು ಕೊರಗಿದ. ಅವಳು ಮಾತ್ರ ಅವನನ್ನು ಒಂದು ಮಾತೂ ಅನ್ನಲಿಲ್ಲ. "ನಾನೂ ನಕ್ಕಿದ್ದೆ ತಾನೇ" ಅಂದು ಹೊಟ್ಟೆಗೆ ಹಾಕಿಕೊಂಡಳು. ಫ್ರೇಮನ್ನು ಇಳಿಸಲು ಹೋದವನನ್ನು ತಡೆದಳು. "ಇರಲಿ ಬಿಡಿ. ಒಂದು ಕಾಲದಲ್ಲಿ ಇಷ್ಟು ಚೆನ್ನಾಗಿತ್ತು ಅನ್ನೋದಾದ್ರೂ ಉಳೀಲಿ." ಸಂಕಟವಾದಾಗೆಲ್ಲ ಅವಳು ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು.

ಅವನೂ ಒಂದು ಪದ್ಧತಿ ಹಾಕಿಕೊಂಡ. ಬೀದಿಗಿಳಿದರೆ ಅವಳ ಬಲಕ್ಕೇ ನಡೆಯುವುದು. ಆ ಬದಿಯಿಂದ ಬರುವ ಸೈಕಲ್ಲು, ಕಂಬ, ತೆರೆದ ಬಾಗಿಲು ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. ಅವಳು ಆ ಕಡೆ ಕತ್ತು ತಿರುಗಿಸುವುದನ್ನೇ ಬಿಟ್ಟಳು. ಹಾಗೆ ವರ್ಷಗಳು ಕಳೆದವು.

ಅಷ್ಟರಲ್ಲಿ ಫ್ಯಾಷನ್ ಬದಲಾಯಿತು. ಇದ್ದಕ್ಕಿದ್ದಂತೆ ಎಲ್ಲರಿಗೂ ಅಂಚು ಬೇಕಾಯಿತು. ಸಕ್ಕರೆ ಕಾಯಿಲೆಯ ಮೊದಲ ಸುಳಿವು ಅಂಚಿನಲ್ಲಿ ಸಿಗಬಹುದು, ಅದರದು ಸಿಗಬಹುದು, ಇದರದು ಸಿಗಬಹುದು ಅಂತ ಲೇಖನಗಳ ಸುರಿಮಳೆ. ದೊಡ್ಡ ಡಾಕ್ಟರು ನಿವೃತ್ತರಾಗಿದ್ದರು. ಅವರ ಕುರ್ಚಿಗೆ ಬಂದ ಸಂಪಾದಕಿ ಒಂದು ಬೆಳಿಗ್ಗೆ ಕತ್ತರಿಯ ಕೋಣೆಗೇ ಬಂದರು. ರೆಟಿನಾ ಸಂಶೋಧನೆ ಯಾವ ದಾರಿಯಲ್ಲಿ ಬಂತು ಅಂತ ಒಂದು ವಿಶೇಷ ಸಂಚಿಕೆ ಮಾಡುತ್ತಿದ್ದರಂತೆ.

"ಕವರ್‌ಗೆ ಆ ಆರೋಗ್ಯವಂತ ಕಣ್ಣೇ ಇರಲಿ ಕತ್ತರಿಯವರೇ. ಆದ್ರೆ ಪೂರ್ತಿ ಚಿತ್ರ ಬೇಕು, ಅಂಚಿನವರೆಗೂ. ಮೂಲ ಇದೆಯಾ?"

"ಯಾವುದನ್ನೂ ಬಿಸಾಕಿಲ್ಲ ಮೇಡಂ" ಅಂದ ಹೆಮ್ಮೆಯಿಂದ. ಹುಡುಕಿ ತೆರೆದ.

ಇಬ್ಬರೂ ಒಟ್ಟಿಗೆ ನೋಡಿದರು. ಈಗ ಅವನಿಗೂ ಅಂಚು ನೋಡಿ ಅಭ್ಯಾಸವಾಗಿತ್ತು, ಯಾರೂ ಬೆರಳಿಟ್ಟು ತೋರಿಸಬೇಕಾಗಲಿಲ್ಲ. ಮೇಲಿನ ಮೂಲೆಯಲ್ಲಿದ್ದದ್ದು ರೆಪ್ಪೆಯ ನೆರಳಲ್ಲ. ರೆಟಿನಾದಲ್ಲೇ ಕುದುರೆ ಲಾಳದ ಆಕಾರದ ಪುಟ್ಟ ಹರಕು.

"ಅವತ್ತೇ ಕಂಡಿದ್ರೆ?" ಅಂದ.

ಸಂಪಾದಕಿ ಸುಳ್ಳು ಹೇಳುವವರಲ್ಲ. "ಲೇಸರ್‌ನಲ್ಲಿ ಸುತ್ತ ಬೆಸುಗೆ ಹಾಕಬಹುದಿತ್ತು. ಸಣ್ಣ ಕೆಲಸ. ಬಹುಶಃ ಉಳೀತಿತ್ತು." ಆಮೇಲೆ ಕುರ್ಚಿ ಎಳೆದು ಕೂತರು. "ಎಷ್ಟೋ ಜನ ಇದನ್ನ ಮಾದರಿ ಅಂತ ಇಟ್ಕೊಂಡಿದಾರೆ. ತಿದ್ದುಪಡಿ ಹಾಕಲೇಬೇಕು, ಪೂರ್ತಿ ಚಿತ್ರದ ಜೊತೆ. ನಮ್ಮ ಪತ್ರಿಕೆಗೆ ಕೆಟ್ಟ ಹೆಸರು ಬರುತ್ತೆ, ಬರಲಿ. ಆದ್ರೆ ಕಣ್ಣು ನಿಮ್ಮ ಮನೆಯವರದ್ದು. ಅವರು ಒಪ್ಪದೆ ನಾನು ಹಾಕೋ ಹಾಗಿಲ್ಲ. ನೀವು ಕೇಳಬೇಕು."

ಕೇಳಬೇಕು ಅಂದರೆ ಹೇಳಬೇಕು. ಅವಳಿಗೆ ಉಳಿದದ್ದೇ ಆ ಒಂದು ಸಮಾಧಾನ. ಆ ಕಣ್ಣು ಒಂದು ಕಾಲದಲ್ಲಿ ಚೆನ್ನಾಗಿತ್ತು ಅನ್ನುವುದು. ಅದನ್ನೂ ತನ್ನ ಕೈಯಾರೆ ಕಿತ್ತುಕೊಳ್ಳಬೇಕು. ಸುಮ್ಮನಿದ್ದುಬಿಡಲೇ ಅಂತ ಅವನಿಗೆ ಅನ್ನಿಸದೆ ಇರಲಿಲ್ಲ. ಅವಳು ಒಪ್ಪಲಿಲ್ಲ ಅಂತ ಒಂದು ಮಾತು ಹೇಳಿದರೆ ಸಂಪಾದಕಿ ಮತ್ತೆ ಕೇಳುವವರಲ್ಲ. ಬಸ್ಸಿನಲ್ಲಿ ಕೂತು ಆ ಸುಳ್ಳನ್ನು ಜೋಡಿಸಿಯೂ ನೋಡಿದ. ಚೆನ್ನಾಗಿಯೇ ಕೂತಿತು. ಕತ್ತರಿಸಿ ಒಪ್ಪ ಮಾಡುವುದರಲ್ಲಿ ಪಳಗಿದವನಲ್ಲವೇ.

ಮನೆಗೆ ಬಂದಾಗ ಅವಳು ಫ್ರೇಮಿನ ಕೆಳಗೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ಎದುರಿಗೆ ನೆಲದ ಮೇಲೆ ಕೂತ. ಚೀಲದಿಂದ ಪೂರ್ತಿ ಚಿತ್ರದ ಪ್ರತಿಯನ್ನು ತೆಗೆದು ಅವಳ ಮಡಿಲಲ್ಲಿಟ್ಟ, ಮೂಲೆಯನ್ನು ಬೆರಳಿನಿಂದ ತೋರಿಸಿದ, ಆಮೇಲೆ ಎಲ್ಲವನ್ನೂ ಹೇಳಿದ.

ಅವಳು ಚಿತ್ರವನ್ನು ಎಡಗಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಅವತ್ತೇ ನಿಮ್ಮ ಕಣ್ಣಿಗೆ ಬಿದ್ದಿತ್ತಾ?"

"ಬಿದ್ದಿತ್ತು. ರೆಪ್ಪೆ ನೆರಳು ಅಂದ್ಕೊಂಡೆ."

"ಬೇರೆಯವರು?"

"ಬೇರೆಯವರಿಗೆ ನಾನು ತೋರಿಸಲೇ ಇಲ್ಲ. ನಡುವಿನದಷ್ಟೇ ಕೊಟ್ಟೆ."

"ಅಂದ್ರೆ ಊರೆಲ್ಲ ನೋಡಿದ ಕಣ್ಣನ್ನ ಪೂರ್ತಿ ನೋಡಿದ್ದು ನೀವೊಬ್ರೇ."

ಅವನು ತಲೆ ತಗ್ಗಿಸಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಎದ್ದು ಫ್ರೇಮನ್ನು ಮೊಳೆಯಿಂದ ಇಳಿಸಿ, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಳು. ಗೋಡೆಯ ಮೇಲೆ ಮಾಸದ ಚೌಕವೊಂದು ಉಳಿಯಿತು. "ಹಾಕ್ಲಿ ಅಂತ ಹೇಳಿ ನಿಮ್ಮ ಮೇಡಂಗೆ. ಪೂರ್ತಿ ಹಾಕ್ಲಿ" ಅಂದಳು.

ಮರುದಿನ ಒಪ್ಪಿಗೆಗೆ ಸಹಿ ಹಾಕಲು ಇಬ್ಬರೂ ಆಸ್ಪತ್ರೆಗೆ ಹೊರಟರು. ಗೇಟು ದಾಟುತ್ತಿದ್ದಂತೆ ಅವನು ಎಂದಿನಂತೆ ಅವಳ ಬಲಕ್ಕೆ ಬಂದ. ಅವಳು ನಿಂತಳು.

"ಈ ಕಡೆ ಬನ್ನಿ, ಎಡಕ್ಕೆ."

"ಬಲಗಡೆ ಗಾಡಿ ಬರತ್ತೆ ಕಣೆ."

"ಗೊತ್ತು. ನೀವಿದ್ದೀರಿ ಅಂತ ನಾನು ಆ ಕಡೆ ತಿರುಗ್ತಾನೇ ಇರ್ಲಿಲ್ಲ ಇಷ್ಟು ದಿನ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ. "ಇನ್ಮೇಲೆ ನಾನೇ ತಿರುಗಿ ನೋಡ್ಕೋತೀನಿ."

ಅವನು ಎಡಕ್ಕೆ ಬಂದ. ರಸ್ತೆಯ ಅಂಚಿನಲ್ಲಿ ಅವಳು ನಿಂತು, ಕತ್ತನ್ನು ಬಲಕ್ಕೆ ಪೂರ್ತಿ ತಿರುಗಿಸಿ, ಭುಜದ ಮೇಲಿಂದ ಎಡಗಣ್ಣಿನಲ್ಲಿ ಆ ತುದಿಯವರೆಗೂ ನೋಡಿದಳು. ಎಷ್ಟೋ ವರ್ಷದಿಂದ ತಿರುಗದ ಕತ್ತು ನೋಯುತ್ತಿದ್ದುದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವನ ಕೈ ತಾನಾಗಿ ಮುಂದೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಗಾಡಿಗಳು ಕಡಿಮೆಯಾದ ಮೇಲೆ ಅವಳು ರಸ್ತೆಗಿಳಿದಳು, ಅವನು ಅವಳ ಹಿಂದೆ ಹೋದ.